ಐವತ್ತೈದು ದಾಟಿದವರ ಕಾಲೊನಿಯಲ್ಲಿ ವಯಸ್ಸಿನ ಗಣತಿ

ನ್ಯೂಜೆರ್ಸಿಯ ಮಧ್ಯಭಾಗದಲ್ಲಿ, ಮನ್ರೋ ಟೌನ್‌ಷಿಪ್ ಸುತ್ತಮುತ್ತ, ಐವತ್ತೈದು ದಾಟಿದವರಿಗೆಂದೇ ಕಟ್ಟಿದ ಕಾಲೊನಿಗಳು ಒಂದರ ಪಕ್ಕ ಒಂದಿವೆ. ಎಡಿಸನ್, ಪ್ಲೇನ್ಸ್‌ಬರೊ ಕಡೆ ಮಕ್ಕಳನ್ನು ಓದಿಸಿ ಮುಗಿಸಿದ ನಮ್ಮವರು ದೊಡ್ಡ ಮನೆ ಮಾರಿ ಇಲ್ಲಿಗೆ ಬರುವುದು ಈಗ ರೂಢಿಯಾಗಿದೆ. ಮೆಟ್ಟಿಲು ಹತ್ತಬೇಕಿಲ್ಲ, ಹಿಮ ಎತ್ತಿಹಾಕಬೇಕಿಲ್ಲ, ಹುಲ್ಲು ಕತ್ತರಿಸುವವರು ತಾವೇ ಬರುತ್ತಾರೆ. ನಾವೂ ಹಾಗೆ ಬಂದವರೇ.

ಮನೆ ಕೊಳ್ಳುವಾಗ ನಮ್ಮಿಬ್ಬರ ಡ್ರೈವಿಂಗ್ ಲೈಸೆನ್ಸ್ ನಕಲು ಕೇಳಿದರು, ಕೊಟ್ಟೆವು. 19 ವರ್ಷದೊಳಗಿನವರು ಈ ಮನೆಯಲ್ಲಿ ಕಾಯಂ ಆಗಿ ಇರುವಂತಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆವು. ಮೊಮ್ಮಕ್ಕಳು ವರ್ಷಕ್ಕೆ ಇಷ್ಟು ದಿನ ಬಂದಿರಬಹುದು ಎಂಬ ಲೆಕ್ಕವೂ ಅದರಲ್ಲೇ ಇತ್ತು. ನಮ್ಮ ಮಗನಿಗೆ ಮದುವೆಯ ಯೋಚನೆಯೇ ಇಲ್ಲದ್ದರಿಂದ ಆ ಪುಟವನ್ನು ನಾವು ಎರಡನೇ ಸಲ ತಿರುವಿ ನೋಡಲಿಲ್ಲ. ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ಇಲ್ಲ ಎನ್ನುವುದು ಈ ದೇಶದಲ್ಲಿ ಕಾನೂನಿಗೆ ವಿರುದ್ಧ ಎಂಬುದು ಗೊತ್ತಿತ್ತು. ಹಾಗಿದ್ದರೆ ಇಲ್ಲಿ ಮಾತ್ರ ಅದು ಹೇಗೆ ನಡೆಯುತ್ತದೆ ಎಂಬ ಪ್ರಶ್ನೆ ತಲೆಗೆ ಬಂದದ್ದು ವಯಸ್ಸು ಪರಿಶೀಲನಾ ಸಮಿತಿಗೆ ಸೇರಿದ ಮೇಲೆ.

ಸೇರಿದೆ ಎನ್ನುವುದಕ್ಕಿಂತ ಸೇರಿಸಿಕೊಂಡರು. ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಕಾಗದಪತ್ರ ಈಕೆಗೆ ಒಗ್ಗುತ್ತದೆ ಎಂದು ಅಸೋಸಿಯೇಷನ್ ಅಧ್ಯಕ್ಷರು ತೀರ್ಮಾನಿಸಿಬಿಟ್ಟರು. ಆ ಹೊತ್ತಿಗೆ ಮ್ಯಾನೇಜ್‌ಮೆಂಟ್ ಕಂಪನಿ ಬದಲಾಗಿತ್ತು. ಹಳೆಯ ಕಂಪನಿ ಹಸ್ತಾಂತರಿಸಿದ ಪೆಟ್ಟಿಗೆಗಳಲ್ಲಿ ಈಜುಕೊಳದ ರಿಪೇರಿ ಬಿಲ್ಲುಗಳಿದ್ದವು, ಛಾವಣಿಯ ಗ್ಯಾರಂಟಿ ಕಾಗದಗಳಿದ್ದವು, ನಿವಾಸಿಗಳ ವಯಸ್ಸಿನ ದಾಖಲೆ ಇರಲಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ನವೀಕರಿಸಲೇಬೇಕಾದ ಸರ್ವೆ ಕೊನೆಯ ಸಲ ಯಾವಾಗ ನಡೆದದ್ದು ಎಂದು ಯಾರಿಗೂ ಹೇಳಲಾಗಲಿಲ್ಲ.

ಅಸೋಸಿಯೇಷನ್ನಿನ ವಕೀಲೆ ಕ್ಲಬ್‌ಹೌಸಿನ ಇಸ್ಪೀಟ್ ಕೋಣೆಯಲ್ಲಿ ನಮ್ಮನ್ನು ಕೂರಿಸಿಕೊಂಡು ಇಡೀ ಕಥೆ ಹೇಳಿದರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಫೇರ್ ಹೌಸಿಂಗ್ ಆಕ್ಟ್‌ಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸುವಂತಿಲ್ಲ ಎಂದಾಯಿತು. ಹೆಣ್ಣು ಗಂಡೆಂಬ ಭೇದ ಮಾಡುವಂತಿಲ್ಲ ಎಂಬುದು 1974ರಲ್ಲಿ ಸೇರಿತು. ಮಕ್ಕಳಿರುವ ಸಂಸಾರ ಮತ್ತು ಅಂಗವೈಕಲ್ಯ ಸೇರಿದ್ದು 1988ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ಬಾಡಿಗೆ ಮನೆಯ ಜಾಹೀರಾತಿನಲ್ಲೇ ‘ಮಕ್ಕಳಿಗೆ ಪ್ರವೇಶವಿಲ್ಲ’ ಎಂದು ಹಾಕುವುದು ಇಲ್ಲಿ ಮಾಮೂಲಾಗಿತ್ತಂತೆ. ಆದರೆ ಹಿರಿಯರಿಗೆಂದೇ ಕಟ್ಟಿದ ಅರಿಜೋನಾದ ಸನ್ ಸಿಟಿ 1960ರಲ್ಲೇ ಬಾಗಿಲು ತೆರೆದಿತ್ತು. ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾ ತುಂಬ ಹಿರಿಯರ ಕಾಲೊನಿಗಳಿದ್ದವು. ಅವರೆಲ್ಲರ ಮತಕ್ಕೆ ಬೆಲೆ ಇತ್ತಲ್ಲ, ಹಾಗಾಗಿ 1988ರ ಕಾನೂನಿನಲ್ಲೇ ಅವರಿಗೊಂದು ವಿನಾಯಿತಿಯನ್ನೂ ಇಟ್ಟರು.

ವಿನಾಯಿತಿಯಲ್ಲಿ ಮುಖ್ಯವಾದದ್ದು ಎರಡು ಬಗೆ. ಮನೆಯಲ್ಲಿರುವ ಪ್ರತಿಯೊಬ್ಬರೂ 62 ದಾಟಿರಬೇಕು ಎನ್ನುವುದೊಂದು. ಜನ ವಾಸವಿರುವ ಮನೆಗಳಲ್ಲಿ ಶೇಕಡಾ 80ರಲ್ಲಾದರೂ 55 ತುಂಬಿದ ಒಬ್ಬರು ಇರಬೇಕು ಎನ್ನುವುದು ಇನ್ನೊಂದು. ನಮ್ಮದು ಎರಡನೆಯದು. ಮೊದಲು ಇದರ ಜೊತೆಗೆ, ವೃದ್ಧರಿಗೆಂದೇ ವಿಶೇಷ ಸೌಕರ್ಯ ಮತ್ತು ಸೇವೆ ಒದಗಿಸಿರಬೇಕು ಎಂಬ ಷರತ್ತೂ ಇತ್ತು. ಎಷ್ಟು ಒದಗಿಸಿದರೆ ಸಾಕು ಎಂಬ ಜಗಳ ಮುಗಿಯದೆ, 1995ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ಉಳಿದದ್ದು ಮೂರು: ಶೇಕಡಾ 80ರ ಲೆಕ್ಕ, ಇದು ಹಿರಿಯರ ವಸತಿ ಎಂಬ ಉದ್ದೇಶವನ್ನು ನಿಯಮದಲ್ಲೂ ನಡತೆಯಲ್ಲೂ ತೋರಿಸುವುದು, ವಯಸ್ಸಿನ ಪರಿಶೀಲನೆ.

“ಯಾರಾದರೂ ದೂರು ಕೊಟ್ಟರೆ ಎಲ್ಲವನ್ನೂ ಸಾಬೀತು ಮಾಡಬೇಕಾದವರು ನೀವು, ಅವರಲ್ಲ” ಎಂದು ವಕೀಲೆ ಒತ್ತಿ ಹೇಳಿದರು. ಸನ್ ಸಿಟಿಗೆ ಅಂಟಿಕೊಂಡೇ ಇರುವ ಯಂಗ್‌ಟೌನ್ ಎಂಬ ಊರಿನ ಉದಾಹರಣೆ ಕೊಟ್ಟರು. 1954ರಲ್ಲಿ ಹಿರಿಯರಿಗೆಂದೇ ಹುಟ್ಟಿದ ಊರು ಅದು. ಅಜ್ಜ ಅಜ್ಜಿಯ ಮನೆಗೆ ಬಂದು ಸೇರಿದ ಹದಿಹರೆಯದ ಮೊಮ್ಮಗನ ವಿಚಾರಕ್ಕೆ ತಕರಾರೆದ್ದು, ಅದು ರಾಜ್ಯದ ಅಟಾರ್ನಿ ಜನರಲ್ ಕಚೇರಿಯವರೆಗೆ ಹೋಗಿ, 1998ರಲ್ಲಿ ಊರಿನ ವಯಸ್ಸಿನ ನಿರ್ಬಂಧವೇ ಬಿದ್ದುಹೋಯಿತು.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಈ ಲೆಕ್ಕಾಚಾರವೆಲ್ಲ ವಿಚಿತ್ರ ಎನಿಸಬಹುದು. ‘ಸಸ್ಯಾಹಾರಿಗಳಿಗೆ ಮಾತ್ರ’, ‘ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ’ ಎಂದು ರಾಜಾರೋಷವಾಗಿ ಹೇಳುವ ಊರು ನಮ್ಮದು. ಅಲ್ಲಿ ವಿನಾಯಿತಿ ಯಾರಿಗೆ ಬೇಕು!

ಫಾರಂ ಒಂದೇ ಪುಟದ್ದು. ಮನೆಯಲ್ಲಿರುವವರ ಹೆಸರು, ಹುಟ್ಟಿದ ದಿನ, ಅದಕ್ಕೊಂದು ಪುರಾವೆ. ಲೈಸೆನ್ಸ್, ಪಾಸ್‌ಪೋರ್ಟ್, ಜನನ ಪತ್ರ, ಗ್ರೀನ್ ಕಾರ್ಡ್, ಸೈನ್ಯದ ಗುರುತಿನ ಚೀಟಿ, ಯಾವುದಾದರೂ ಸರಿ. ಅದೂ ಬೇಡವೆಂದರೆ, ‘ಈ ಮನೆಯಲ್ಲಿ 55 ತುಂಬಿದವರು ಒಬ್ಬರಾದರೂ ಇದ್ದಾರೆ’ ಎಂದು 18 ದಾಟಿದ ಯಾರಾದರೂ ಸಹಿ ಮಾಡಿದ ಹೇಳಿಕೆ ಸಾಕು. ಇಷ್ಟು ಸಲೀಸಾದ ಕೆಲಸ ಒಂದು ತಿಂಗಳಲ್ಲಿ ಮುಗಿದುಹೋಗುತ್ತದೆ ಎಂದೇ ಎಲ್ಲರೂ ನಂಬಿದ್ದರು. ಒಟ್ಟು 412 ಮನೆ. ಮಾರಾಟಕ್ಕೆಂದು ಖಾಲಿ ಬಿದ್ದ 9 ಕಳೆದರೆ 403. ಅದರಲ್ಲಿ ಶೇಕಡಾ 80 ಎಂದರೆ 323. ಮೊದಲ ಸುತ್ತಿಗೆ ವಾಪಸು ಬಂದ ಫಾರಂ 288. ಬೆಳಿಗ್ಗೆ ವಾಕಿಂಗ್‌ಗೆ ಹೋದರೆ ಎದುರಿಗೆ ಸಿಗುವ ಒಂದು ತಲೆಯಲ್ಲೂ ಕಪ್ಪು ಕೂದಲಿಲ್ಲ, ಇದ್ದರೂ ಬಣ್ಣ. ಆದರೂ ಕಾಗದದ ಪ್ರಕಾರ ನಮ್ಮದು ಹಿರಿಯರ ಕಾಲೊನಿಯೇ ಅಲ್ಲ!

ಇನ್ನು ಮನೆಮನೆಗೆ ಹೋಗುವುದೊಂದೇ ದಾರಿ. ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ ನಮ್ಮಪ್ಪ ಜನಗಣತಿಯ ವರ್ಷ ಕಂಕುಳಲ್ಲಿ ಕಟ್ಟು ಇಟ್ಟುಕೊಂಡು ಹೊರಡುತ್ತಿದ್ದರಲ್ಲ, ಹಾಗೆ ನಾನೂ ಕ್ಲಿಪ್‌ಬೋರ್ಡ್ ಹಿಡಿದು ಹೊರಟೆ. ನಮ್ಮ ಭಾರತೀಯರ ಮನೆಗಳನ್ನು ನನಗೇ ವಹಿಸಿದ್ದರು.

ಅಲ್ಲಿ ಎದುರಾದ ತೊಡಕನ್ನು ಸಮಿತಿಯ ಉಳಿದವರಿಗೆ ಅರ್ಥಮಾಡಿಸಲು ಸಾಕುಸಾಕಾಯಿತು. ಎಂಬತ್ತು ದಾಟಿದ ತುಮಕೂರಿನ ರಾಯರೊಬ್ಬರು ಫಾರಂ ತುಂಬಿ, ಹುಟ್ಟಿದ ದಿನದ ಪಕ್ಕ ಚುಕ್ಕೆ ಹಾಕಿ, ಅಂಚಿನಲ್ಲಿ ‘ಇದು ಶಾಲೆಯ ದಿನಾಂಕ, ನಿಜವಾದದ್ದು ಶ್ರಾವಣ ಬಹುಳ ಪಂಚಮಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಗುಜರಾತಿನ ಒಬ್ಬರದ್ದು, ಆಂಧ್ರದ ಇಬ್ಬರದ್ದು ಜೂನ್ 1. ನಮ್ಮ ರಾಯರದ್ದೂ ಜೂನ್ 1. ಸಮಿತಿಯಲ್ಲಿದ್ದ ನಿವೃತ್ತ ಪೊಲೀಸ್ ಅಧಿಕಾರಿಗೆ ಇದು ಸಂಶಯಕ್ಕೆಡೆಯಾಯಿತು. “ನಿಮ್ಮವರೆಲ್ಲ ಒಂದೇ ದಿನ ಹುಟ್ಟುತ್ತಾರಾ?” ಅಂದರು. ಶಾಲೆ ಶುರುವಾಗುವ ದಿನಕ್ಕೆ ಹುಡುಗನಿಗೆ ವಯಸ್ಸು ಸರಿಹೊಂದಲಿ ಎಂದು ಮೇಷ್ಟ್ರುಗಳೇ ಒಂದು ತಾರೀಖು ಬರೆದುಕೊಳ್ಳುತ್ತಿದ್ದರು, ಹಾಗೆ ಬರೆದ ಮೇಷ್ಟ್ರ ಮಗಳೇ ನಾನು ಎಂದೆ. ಅವರು ನಕ್ಕರು, ಆದರೂ ಆ ಫಾರಂಗಳನ್ನು ವಕೀಲೆಗೆ ತೋರಿಸಿಯೇ ಬಿಟ್ಟರು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದು ಸಾಕು, ಪಂಚಾಂಗ ನನಗೆ ಬೇಡ ಎಂದು ಆಕೆ ಒಂದೇ ಮಾತಿಗೆ ಮುಗಿಸಿದರು.

ಬಾಗಿಲೇ ತೆರೆಯದ ಮನೆಗಳ ಕಥೆ ಬೇರೆ. ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೋದರೆ ಯುಗಾದಿ ಕಳೆದ ಮೇಲೆಯೇ ಬರುವವರು ನಮ್ಮಲ್ಲಿ ಹಲವರು. ಬಿಳಿಯರಲ್ಲಿ ಚಳಿಗೆ ಫ್ಲಾರಿಡಾಕ್ಕೆ ಇಳಿಯುವವರು ಇನ್ನೂ ಹೆಚ್ಚು. ಈ ಬೀಗ ಹಾಕಿದ ಮನೆಗಳನ್ನು ಖಾಲಿ ಎಂದು ಬಿಡಬೇಕೇ, ವಾಸವಿದೆ ಎಂದು ಹಿಡಿಯಬೇಕೇ? ಇದಕ್ಕೆ ಕೇಂದ್ರದ ವಸತಿ ಇಲಾಖೆಯ ನಿಯಮದಲ್ಲೇ ಉತ್ತರವಿದೆ: ಹಿಂದಿನ ಒಂದು ವರ್ಷದಲ್ಲಿ ಅಲ್ಲಿ ವಾಸ ಮಾಡಿದ್ದು, ಮತ್ತೆ ಬಂದುಹೋಗಿ ಮಾಡುವ ಉದ್ದೇಶ ಇದ್ದರೆ ಅದು ವಾಸದ ಮನೆಯೇ. ಹಾಗಾಗಿ ಜಯನಗರ, ಕುವೆಂಪುನಗರಗಳಿಗೆ ನನ್ನ ವಾಟ್ಸಾಪ್ ಸಂದೇಶಗಳು ಹೋದವು. ಪಾಸ್‌ಪೋರ್ಟಿನ ಫೋಟೊಗಳು ಬಂದವು. ಅವುಗಳ ಜೊತೆ ಮಾವಿನಕಾಯಿ ಫೋಟೊಗಳೂ ಬಂದವು.

ಕೊನೆಯ ಬೀದಿಯ ಇಟಾಲಿಯನ್ ಅಜ್ಜ ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ನನ್ನ ವಯಸ್ಸು ನನ್ನ ಸ್ವಂತ ವಿಷಯ ಎಂದು ಜಾಲರಿ ಬಾಗಿಲಿನ ಹಿಂದೆ ನಿಂತೇ ಹೇಳಿದರು. ಇಂಥವರಿಗೂ ದಾರಿಯಿದೆ. ಅವರ ವಯಸ್ಸನ್ನು ಸ್ವತಃ ಬಲ್ಲ ಒಬ್ಬರು, ಸುಳ್ಳಾದರೆ ಶಿಕ್ಷೆಗೆ ಒಳಪಡುತ್ತೇನೆ ಎಂಬ ಪ್ರಮಾಣದೊಂದಿಗೆ ಬರೆದುಕೊಟ್ಟರೆ ನಡೆಯುತ್ತದೆ. ಪಕ್ಕದ ಮನೆಯಾಕೆ ಬರೆದುಕೊಟ್ಟಳು, ಆತನ ತೊಂಬತ್ತನೇ ಹುಟ್ಟುಹಬ್ಬದ ಕೇಕ್ ಮಾಡಿದ್ದೇ ಅವಳಂತೆ.

ಈ ಓಡಾಟದಲ್ಲಿ ನನಗೆ ತಿಳಿದದ್ದು ನೆರೆಹೊರೆಯವರ ವಯಸ್ಸಷ್ಟೇ ಅಲ್ಲ. ಮಕ್ಕಳನ್ನು ದೂರವಿಡಲು ಸಿಕ್ಕ ಒಂದು ಅನುಮತಿಯನ್ನು ಜನ ಎಷ್ಟು ಬೇಗ ಹಿಗ್ಗಿಸುತ್ತಾರೆ ಎಂಬುದೂ ತಿಳಿಯಿತು. ಗಂಡ ತೀರಿಕೊಂಡ 47ರ ಹೆಂಗಸೊಬ್ಬಳು ಒಂಟಿಯಾಗಿದ್ದಳು. ‘ಆಕೆ ಈಗ ಮನೆ ಮಾರಬೇಕಲ್ಲವೇ?’ ಎಂದು ಎರಡು ಕಡೆ ನನ್ನನ್ನು ಕೇಳಿದರು. ಬೇಕಿಲ್ಲ. ಉಳಿದ ಶೇಕಡಾ 20 ಇರುವುದು ಇಂಥವರಿಗೇ, ನಮ್ಮ ಬೈಲಾದಲ್ಲೂ ಉಳಿದ ಗಂಡ ಅಥವಾ ಹೆಂಡತಿ ಇರಬಹುದೆಂದೇ ಇದೆ. ಪಾರ್ಕಿನ್ಸನ್ಸ್ ಕಾಯಿಲೆಯವರೊಬ್ಬರ ಜೊತೆ ಇಪ್ಪತ್ತೆಂಟರ ಘಾನಾದ ಹುಡುಗಿ ಹಗಲೂ ರಾತ್ರಿ ಆರೈಕೆಗೆ ಇದ್ದಳು. ಆಕೆ ಇಲ್ಲಿ ವಾಸಿಸುವಂತಿಲ್ಲ ಎಂದು ಬೋರ್ಡಿನ ಸದಸ್ಯರೊಬ್ಬರು ಪತ್ರವನ್ನೇ ಸಿದ್ಧಮಾಡಿಕೊಂಡು ಬಂದಿದ್ದರು. ವಕೀಲೆ ಅದನ್ನು ಓದಿ, ಮಡಚಿ, ತಮ್ಮ ಬ್ಯಾಗಿಗೆ ಹಾಕಿಕೊಂಡರು. ಅಂಗವೈಕಲ್ಯ ಇರುವವರಿಗೆ ಅನುಕೂಲ ಮಾಡಿಕೊಡುವ ಹೊಣೆಯಿಂದ ನಿಮಗೆ ವಿನಾಯಿತಿ ಇಲ್ಲ, ಆ ಪತ್ರ ಹೋಗಿದ್ದರೆ ದಂಡ ಕಟ್ಟುವವರು ನೀವು ಎಂದರು.

ನಮ್ಮ ಹೆಂಗಸರ ಗುಂಪಿಗೂ ಅದೇ ಪಾಠವಾಯಿತು. ವಾರಕ್ಕೆರಡು ಬೆಳಿಗ್ಗೆ ಈಜುಕೊಳ ಹೆಂಗಸರಿಗೆ ಮಾತ್ರ ಇರಲಿ, ಗಂಡಸರ ಮುಂದೆ ನೀರಿಗಿಳಿಯಲು ಮುಜುಗರ ಎಂದು ಹಲವರು ಸಹಿ ಮಾಡಿ ಕೊಟ್ಟಿದ್ದರು. ನನಗೂ ಅದು ನ್ಯಾಯವೆಂದೇ ಕಂಡಿತ್ತು. ವಕೀಲೆ 2019ರ ತೀರ್ಪೊಂದನ್ನು ಮುಂದಿಟ್ಟರು. ನಮ್ಮದೇ ರಾಜ್ಯದ ಲೇಕ್‌ವುಡ್‌ನಲ್ಲಿ ಎ ಕಂಟ್ರಿ ಪ್ಲೇಸ್ ಎಂಬ 55 ದಾಟಿದವರ ಕಾಲೊನಿ ಇದೆ. ಅಲ್ಲಿನ ಹೆಚ್ಚಿನವರು ಸಂಪ್ರದಾಯಸ್ಥ ಯಹೂದಿಗಳಾದ್ದರಿಂದ ಕೊಳದ ಬಹುಪಾಲು ವೇಳೆಯನ್ನು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಎಂದು ಹಂಚಿದ್ದರು. ವಾರದ ದಿನಗಳ ಸಂಜೆ ಹೆಚ್ಚಾಗಿ ಗಂಡಸರ ಪಾಲು. ಥರ್ಡ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ವೇಳಾಪಟ್ಟಿ ಫೇರ್ ಹೌಸಿಂಗ್ ಆಕ್ಟ್‌ಗೆ ವಿರುದ್ಧ ಎಂದಿತು. ಅಂದರೆ ನಮಗಿರುವ ವಿನಾಯಿತಿ ಮಕ್ಕಳಿರುವ ಸಂಸಾರದ ವಿಷಯಕ್ಕಷ್ಟೇ. ಧರ್ಮ, ಬಣ್ಣ, ಲಿಂಗ, ಅಂಗವೈಕಲ್ಯ, ಒಂದರಲ್ಲೂ ಇಲ್ಲ. ಹೆಂಗಸರ ಅರ್ಜಿ ಅಲ್ಲಿಗೇ ನಿಂತಿತು.

ಗೇಟಿನ ಹಳೆಯ ಬೋರ್ಡನ್ನೂ ಆಗಲೇ ಬದಲಾಯಿಸಿದ್ದು. ‘ಅಡಲ್ಟ್ ಕಮ್ಯುನಿಟಿ’ ಎಂದಿತ್ತು. ಜಾಹೀರಾತಿನಲ್ಲಿ, ಮಾಹಿತಿ ಪತ್ರದಲ್ಲಿ ಹಾಗೆ ಬರೆದರೆ ಅದು 55 ದಾಟಿದವರ ವಸತಿ ಎಂಬ ಉದ್ದೇಶಕ್ಕೆ ಹೊಂದುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಹೊಸ ಬೋರ್ಡಿಗೆ ಖರ್ಚಾದದ್ದಕ್ಕೆ ಸಭೆಯಲ್ಲಿ ನಡೆದ ವಾದವನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲದರ ನಡುವೆ ನಮ್ಮ ಹಿಂದಿನ ಬೀದಿಯ ಅಕ್ಕನ ಮನೆಯ ವಿಷಯ ಬಂತು. ಅಕ್ಕ ಎಂದೇ ಕರೆಯುವುದು ನಾನು. ಶಿವಮೊಗ್ಗದ ಕಡೆಯವರು, ಕನ್ನಡ ಕೂಟದಲ್ಲಿ ಇಪ್ಪತ್ತು ವರ್ಷದ ಪರಿಚಯ. ಅವರ ಮಗಳ ಸಂಸಾರ ಟೆಕ್ಸಸ್‌ನಲ್ಲಿ ಮುರಿದುಬಿದ್ದು, ಆರು ವರ್ಷದ ಮಗನನ್ನು ಕರೆದುಕೊಂಡು ತಾಯಿಯ ಮನೆಗೆ ಬಂದಿದ್ದಳು. ಫಾರಂನಲ್ಲಿ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ಹೆಸರು, ನಾಲ್ಕು ಹುಟ್ಟಿದ ದಿನ, ಕೊನೆಯದರ ಎದುರು ಹುಡುಗನ ಪಾಸ್‌ಪೋರ್ಟಿನ ನಕಲು. “ನೀನೇ ಬಂದಿದ್ದು ಒಳ್ಳೇದಾಯ್ತು ಕಣೇ, ಬೇರೆಯವರ ಕೈಗೆ ಕೊಡೋಕೆ ಒಂಥರಾ ಆಗ್ತಿತ್ತು” ಎಂದರು. ಹುಡುಗ ಸೋಫಾದ ಮೇಲೆ ಮಂಡಿಯೂರಿ ಕಿಟಕಿಯ ಗಾಜಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದ. ಅದನ್ನು ಬೀದಿಯಿಂದ ಕಂಡವರು ಆಗಲೇ ಆಫೀಸಿಗೆ ದೂರು ಕೊಟ್ಟಿದ್ದರು.

ಶೇಕಡಾವಾರು ಲೆಕ್ಕದಲ್ಲಿ ಅಕ್ಕನ ಮನೆಗೆ ಏನೂ ತೊಂದರೆಯಿಲ್ಲ. ಮನೆಯಲ್ಲಿ 55 ದಾಟಿದವರು ಇಬ್ಬರಿದ್ದಾರೆ, ಅದು 80ರೊಳಗೇ ಬರುತ್ತದೆ. ಹಾಗಾದರೆ ಹುಡುಗ ಇದ್ದರೇನು ಎಂದು ನಾನು ವಕೀಲೆಯನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತ ಕೂತರು. ಆಮೇಲೆ ಹೇಳಿದ್ದು ಇಷ್ಟು: ಮಕ್ಕಳನ್ನು ಹೊರಗಿಡಿ ಎಂದು ಕಾನೂನು ನಿಮಗೆ ಹೇಳಿಲ್ಲ. ಹೊರಗಿಟ್ಟರೆ ತಪ್ಪೆಣಿಸುವುದಿಲ್ಲ ಎಂದಷ್ಟೇ ಹೇಳಿದೆ. ಬೇಡ ಎಂದಿರುವುದು ನಿಮ್ಮದೇ ಬೈಲಾ. ಬೈಲಾ ಬದಲಿಸುವ ಹಕ್ಕು ನಿಮಗಿದೆ. ಅದನ್ನು ಹಾಗೆಯೇ ಇಟ್ಟುಕೊಂಡು ಒಬ್ಬರಿಗೆ ಕಣ್ಣುಮುಚ್ಚಿ, ಇನ್ನೊಬ್ಬರಿಗೆ ನೋಟಿಸ್ ಕೊಟ್ಟರೆ, ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಪಾಲಿಸುತ್ತಿಲ್ಲ ಎಂಬುದು ನಾಳೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ.

ನೋಟಿಸ್ ಹೋಯಿತು. ಶಾಲೆಯ ವರ್ಷ ಮುಗಿಯುವವರೆಗೆ ಅವಕಾಶ ಕೊಡಿಸುವಷ್ಟು ಮಾತ್ರ ನನ್ನಿಂದಾಯಿತು. ಜೊತೆಗೆ ಬೈಲಾ ತಿದ್ದುಪಡಿಯೊಂದನ್ನು ಮತಕ್ಕೆ ಹಾಕಿಸಿದೆವು: ಮಗ ಅಥವಾ ಮಗಳ ಸಾವು, ವಿಚ್ಛೇದನ, ಕಾಯಿಲೆಯ ಸಂದರ್ಭದಲ್ಲಿ ಮೊಮ್ಮಕ್ಕಳು ಒಂದು ವರ್ಷದವರೆಗೆ ಇರಬಹುದು ಎಂದು. ಮನೆಗೊಂದು ಮತ, ಮೂರರಲ್ಲಿ ಎರಡು ಪಾಲು ಮನೆಗಳು ಒಪ್ಪಬೇಕು.

ಮನೆಗೊಂದೇ ಮತ ಎಂದ ಕೂಡಲೇ ನಮ್ಮ ಊಟದ ಮೇಜಿನಲ್ಲೂ ಜಗಳ ಶುರುವಾಯಿತು. “ನಾವು ದುಡ್ಡು ಕೊಟ್ಟು ಕೊಂಡದ್ದೇ ಈ ನಿಶ್ಶಬ್ದವನ್ನ. ಮಕ್ಕಳಿರೋ ಕಡೆ ಇರಬೇಕು ಅಂದಿದ್ರೆ ಹಳೇ ಮನೆ ಯಾಕೆ ಮಾರ್ತಿದ್ವಿ?” ಎಂದರು ನಮ್ಮ ಯಜಮಾನರು. ಒಂದು ವರ್ಷ ಅಂತ ಬಂದವರು ಹತ್ತು ವರ್ಷ ಇರ್ತಾರೆ, ಆಮೇಲೆ ಸ್ಕೂಲ್ ಬಸ್ ಗೇಟಿನೊಳಗೇ ಬರಬೇಕು ಅಂತಾರೆ, ಎಂದೂ ಸೇರಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಇಲ್ಲಿನ ಹಿರಿಯರಲ್ಲಿ ಅನೇಕರು ಪಿಂಚಣಿಯ ಮೇಲೇ ಬದುಕುವವರು. ಗಲಾಟೆಯಿಲ್ಲದ ಬೀದಿಯನ್ನು ಅವರು ಔಷಧಿಯಂತೆ ನೆಚ್ಚಿಕೊಂಡಿದ್ದಾರೆ. ಆದರೆ ಅಜ್ಜಿಯ ಮನೆಯೂ ಇಲ್ಲ ಎಂದು ಒಂದು ಮಗುವಿಗೆ ಹೇಳುವ ನಿಯಮ ನನ್ನ ಕೈಯಲ್ಲಿ ಕ್ಲಿಪ್‌ಬೋರ್ಡಾಗಿ ಕೂತಾಗ ಅದು ನನಗೆ ಸರಿಯೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಕೊನೆಗೆ ‘ಹೌದು’ ಎಂದೇ ಹಾಕಿದೆವು. ಹಾಕಿದ್ದು ನಾನು, ಅವರು ಟಿವಿಯ ದನಿ ಜೋರು ಮಾಡಿಕೊಂಡು ಕೂತಿದ್ದರು.

ತಿದ್ದುಪಡಿಗೆ ಅರ್ಧಕ್ಕಿಂತ ಹೆಚ್ಚು ಮನೆಗಳ ಒಪ್ಪಿಗೆ ಸಿಕ್ಕಿತು, ಮೂರನೇ ಎರಡು ಸಿಗಲಿಲ್ಲ. ನಮ್ಮ ಭಾರತೀಯರ ಮನೆಗಳೆಲ್ಲ ಪರವಾಗಿ ಬಿದ್ದಿರಬೇಕು ಎಂದು ಹಲವರು ಭಾವಿಸಿದ್ದರು. ಮತ ಗುಟ್ಟಿನದು. ಆದರೆ ಬೇಡ ಎಂದೇ ಹಾಕಿದೆ ಎಂದು ನನ್ನ ಮುಖಕ್ಕೇ ಹೇಳಿದವರಲ್ಲಿ ನಮ್ಮವರೇ ಹೆಚ್ಚು. ಜೀವನವಿಡೀ ಮಕ್ಕಳು, ಅತ್ತೆ ಮಾವ, ನಾದಿನಿ ಎಂದು ಮಾಡಿ ಮುಗಿಸಿದ್ದೇವೆ, ಇನ್ನಾಗದು ಎಂದರು ಒಬ್ಬರು. ಅದಕ್ಕೆ ಏನು ಹೇಳುವುದು?

ಸರ್ವೆ ಮಾತ್ರ ಚೆನ್ನಾಗಿ ಮುಗಿಯಿತು. 403ರಲ್ಲಿ 379 ಮನೆಗಳಿಗೆ ಪುರಾವೆ ಸಿಕ್ಕಿತು, ಶೇಕಡಾ 94. ಕೇಳಿದವರಿಗೆ ತೋರಿಸಲೇಬೇಕಾದ ಸಾರಾಂಶದ ಹಾಳೆ ಈಗ ಆಫೀಸಿನ ಫೈಲಿನಲ್ಲಿದೆ. ಪಾಸ್‌ಪೋರ್ಟ್ ನಕಲುಗಳನ್ನು ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಿಸಿದ್ದೇನೆ.

ಅಕ್ಕನ ಮಗಳು ಈಸ್ಟ್ ವಿಂಡ್ಸರ್‌ನಲ್ಲಿ ಬಾಡಿಗೆಗೆ ಅಪಾರ್ಟ್‌ಮೆಂಟ್ ಹಿಡಿದಳು. ಅವಳು ಕೆಲಸಕ್ಕೆ ಹೋದಾಗ ಹುಡುಗನನ್ನು ನೋಡಿಕೊಳ್ಳಲು ಅಕ್ಕ ವಾರದಲ್ಲಿ ಹೆಚ್ಚು ದಿನ ಅಲ್ಲೇ ಇರತೊಡಗಿದರು, ಭಾವನವರು ಇಲ್ಲಿ ಒಬ್ಬರೇ ಅವಲಕ್ಕಿ ಮಾಡಿಕೊಂಡು ತಿನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ಮನೆ ಮಾರಾಟಕ್ಕಿಟ್ಟರು. ಇದು ವಿನಾಯಿತಿಗೆ ಅರ್ಹವಾದ ಕಾಲೊನಿ ಎಂದು ಬರವಣಿಗೆಯಲ್ಲಿ ಕೊಡಿ ಎಂದು ಅವರ ಏಜೆಂಟ್ ಸಮಿತಿಯನ್ನು ಕೇಳಿದಳು. ಅಂಥ ಪತ್ರವನ್ನು ನಂಬಿ ನಡೆದುಕೊಂಡವರಿಗೆ, ಮುಂದೆ ತಕರಾರೆದ್ದರೆ, ನಷ್ಟ ಪರಿಹಾರ ಕಟ್ಟುವುದರಿಂದ ಕಾನೂನು ರಕ್ಷಣೆ ಕೊಡುತ್ತದೆ. ಪತ್ರವನ್ನು ನಾನೇ ಟೈಪ್ ಮಾಡಿ ಅಧ್ಯಕ್ಷರ ಸಹಿ ಹಾಕಿಸಿ ಕಳಿಸಿದೆ. ಕೊಂಡವರು ಎಡಿಸನ್ನಿನ ಗುಜರಾತಿ ದಂಪತಿ. ಲೈಸೆನ್ಸಿನ ನಕಲು ಮೊದಲ ದಿನವೇ ಕೊಟ್ಟರು. ಯಜಮಾನರ ಹುಟ್ಟಿದ ದಿನ ಜೂನ್ 1.